ನೊಣ, ಸೊಳ್ಳೆ, ಜೇನುನೊಣ: ಹೆಸರಿನ ಬಳಗ ಮತ್ತು ವಂಶದ ಬಳಗ

ಮನುಷ್ಯನು ತನ್ನ ಸುತ್ತಲಿನ ಜೀವಿಗಳಿಗೆ ಹೆಸರಿಡುವಾಗಲೇ ಅವುಗಳನ್ನು ಒಂದು ಬಗೆಯಲ್ಲಿ ವಿಂಗಡಿಸಿರುತ್ತಾನೆ. ಎಂಜಲಿನ ಮೇಲೆ ಕೂರುವುದು ನೊಣ, ಜೇನು ಕೂಡಿಡುವುದು ಜೇನುನೊಣ, ರಕ್ತ ಹೀರುವುದು ಸೊಳ್ಳೆ ಎಂಬುದು ಕನ್ನಡದ ವ್ಯವಸ್ಥೆ. ಹೈದರಾಬಾದಿನ ಕನ್ನಡಿಗರು ದಿನವೂ ಕೇಳುವ ತೆಲುಗಿನಲ್ಲಿಯೂ ವ್ಯವಸ್ಥೆ ಇದೇ. ಅಲ್ಲಿ ನೊಣಕ್ಕೆ ‘ಈಗ’ ಎಂದೂ ಜೇನುನೊಣಕ್ಕೆ ‘ತೇನೆಟೀಗ’ ಎಂದೂ ಸೊಳ್ಳೆಗೆ ‘ದೋಮ’ ಎಂದೂ ಹೆಸರು. ಹೀಗೆ ಈ ಎರಡು ಸೋದರ ಭಾಷೆಗಳು ಜೇನುಹುಳುವನ್ನು ನೊಣದ ಬಳಗಕ್ಕೆ ಸೇರಿಸಿ ಸೊಳ್ಳೆಯನ್ನು ಹೊರಗಿರಿಸಿವೆ. ಜೀವವಿಜ್ಞಾನದ ವಿಂಗಡಣೆ ಇದಕ್ಕೆ ತೀರ ವಿರುದ್ಧವಾದುದು. ಅದರ ಪ್ರಕಾರ ಸೊಳ್ಳೆಯೇ ನೊಣದ ನಂಟ. ಜೇನುಹುಳು ಕಣಜ ಮತ್ತು ಇರುವೆಗಳ ಕುಲಕ್ಕೆ ಸೇರಿದುದು.

ಈ ವ್ಯತ್ಯಾಸಕ್ಕೆ ಕಾರಣ ಸ್ಪಷ್ಟವಾಗಿದೆ. ಭಾಷೆಯು ಆಕಾರ, ನಡವಳಿಕೆ ಮತ್ತು ಉಪಯೋಗಗಳನ್ನು ನೋಡಿ ಹೆಸರಿಡುತ್ತದೆ. ವಿಜ್ಞಾನವು ವಂಶವನ್ನು ಹುಡುಕುತ್ತದೆ. ಜೇನುಹುಳುವಿಗೆ ನಾಲ್ಕು ರೆಕ್ಕೆಗಳು. ನೊಣಕ್ಕೂ ಸೊಳ್ಳೆಗೂ ಎರಡೇ. ಆದುದರಿಂದಲೇ ಇವುಗಳ ಗಣಕ್ಕೆ ‘ಎರಡು ರೆಕ್ಕೆಯವು’ ಎಂಬರ್ಥದ ಡಿಪ್ಟೆರಾ ಎಂಬ ಹೆಸರು ಸಂದಿದೆ. ಹಿಂದಿನ ಎರಡು ರೆಕ್ಕೆಗಳು ಇವುಗಳಲ್ಲಿ ಪೂರ್ಣವಾಗಿ ಅಳಿದಿಲ್ಲ. ಗುಂಡುಸೂಜಿಯಂತೆ ತುದಿಯಲ್ಲಿ ಗುಂಡಗಿರುವ ಎರಡು ಪುಟ್ಟ ಅಂಗಗಳಾಗಿ ಮಾರ್ಪಟ್ಟಿವೆ. ಹಾರುವಾಗ ಇವು ವೇಗವಾಗಿ ಕಂಪಿಸುತ್ತ, ದೇಹವು ಯಾವ ಕಡೆಗೆ ಹೊರಳಿತೆಂಬುದನ್ನು ಕ್ಷಣಾರ್ಧದಲ್ಲಿ ತಿಳಿಸುತ್ತವೆ. ಬೀಸಿದ ಕೈಗೆ ಸಿಗದೆ ನೊಣವು ಪಕ್ಕಕ್ಕೆ ಹೊರಳಿ ಪಾರಾಗುವುದರಲ್ಲಿ ಈ ಸಮತೋಲಕಗಳ ಪಾತ್ರ ದೊಡ್ಡದು.

ರೆಕ್ಕೆಯೇ ಸಮತೋಲಕವಾಯಿತೆಂಬುದು ಬರಿಯ ಊಹೆಯಲ್ಲ. ಮಾಗಿದ ಬಾಳೆಹಣ್ಣಿಗೆ ಮುತ್ತುವ ಹಣ್ಣಿನ ನೊಣ ಡ್ರಾಸೊಫಿಲಾದಲ್ಲಿ ಒಂದು ನಿರ್ದಿಷ್ಟ ವಂಶವಾಹಿಯ ಕಾರ್ಯ ತಪ್ಪಿದರೆ ಸಮತೋಲಕದ ಜಾಗದಲ್ಲಿ ಮತ್ತೆ ರೆಕ್ಕೆಯೇ ಮೂಡಿ, ನಾಲ್ಕು ರೆಕ್ಕೆಯ ನೊಣ ಹುಟ್ಟುವುದನ್ನು ಅಮೆರಿಕದ ಎಡ್ವರ್ಡ್ ಲೂಯಿಸ್ ತೋರಿಸಿದರು. ಈ ಬಗೆಯ ವಂಶವಾಹಿಗಳ ಅಧ್ಯಯನಕ್ಕಾಗಿ ಅವರಿಗೆ 1995ರಲ್ಲಿ ನೊಬೆಲ್ ಪಾರಿತೋಷಕದ ಪಾಲು ದೊರೆಯಿತು. ಇದೇ ವಂಶವಾಹಿಯು ರೆಕ್ಕೆಯ ಬೆಳವಣಿಗೆಯನ್ನು ತಡೆದು ಸಮತೋಲಕವನ್ನು ಹೇಗೆ ರೂಪಿಸುತ್ತದೆಂಬ ಪ್ರಶ್ನೆಯನ್ನು ಹೈದರಾಬಾದಿನ ಸಿ.ಸಿ.ಎಂ.ಬಿ. ಸಂಶೋಧನಾ ಕೇಂದ್ರದಲ್ಲಿ ಎಲ್.ಎಸ್. ಶಶಿಧರ ಮತ್ತು ಅವರ ಸಹೋದ್ಯೋಗಿಗಳು ಅಭ್ಯಾಸ ಮಾಡಿದರು.

ಎರಡು ರೆಕ್ಕೆಯ ಈ ವಂಶ ಬಹು ಪ್ರಾಚೀನವಾದುದು. ದೊರೆತಿರುವ ಅತಿ ಹಳೆಯ ಪಳೆಯುಳಿಕೆಗಳಲ್ಲಿ ಫ್ರಾನ್ಸ್ ದೇಶದವು ಸುಮಾರು 24 ಕೋಟಿ ವರ್ಷಗಳ ಹಿಂದಿನ ಟ್ರಯಾಸಿಕ್ ಯುಗಕ್ಕೆ ಸೇರುತ್ತವೆ. ಮನೆಯ ನೊಣ ಇರುವ ಶಾಖೆಗಿಂತ ಸೊಳ್ಳೆಯ ಶಾಖೆ ಹಳೆಯದು. ಲೆಬನಾನ್ ದೇಶದಲ್ಲಿ ಮರದ ಅಂಟು ಗಟ್ಟಿಯಾಗಿ ಶಿಲೆಯಂತಾದ ಅಂಬರಿನೊಳಗೆ ಸಿಕ್ಕಿದ ಸುಮಾರು 13 ಕೋಟಿ ವರ್ಷ ಹಿಂದಿನ ಗಂಡು ಸೊಳ್ಳೆಗಳ ವಿವರ 2023ರಲ್ಲಿ ಪ್ರಕಟವಾಯಿತು. ಇಂದು ರಕ್ತ ಹೀರುವುದು ಹೆಣ್ಣು ಸೊಳ್ಳೆ ಮಾತ್ರ. ಆದರೆ ಆ ಗಂಡು ಸೊಳ್ಳೆಗಳಿಗೂ ಚುಚ್ಚುವ ಬಾಯಿಯಿತ್ತು. ಮನೆಯ ನೊಣವನ್ನು ಒಳಗೊಂಡ ಶಾಖೆಯಾದರೋ ಡೈನೊಸಾರುಗಳು ಅಳಿದ ನಂತರ, ಅಂದರೆ ಈಚಿನ ಆರೂವರೆ ಕೋಟಿ ವರ್ಷಗಳಲ್ಲಿ ಹರಡಿಕೊಂಡಿತು. ಈ ಗಣದಲ್ಲಿ ಇಂದು ಹೆಸರಿಸಲಾದ ಪ್ರಭೇದಗಳೇ ಒಂದೂವರೆ ಲಕ್ಷಕ್ಕೂ ಹೆಚ್ಚು.

ಈ ಯಶಸ್ಸಿಗೆ ಒಂದು ಮುಖ್ಯ ಕಾರಣ, ಮರಿ ಮತ್ತು ಪ್ರೌಢ ಕೀಟಗಳು ಒಂದೇ ಅನ್ನಕ್ಕೆ ಪೈಪೋಟಿ ನಡೆಸದಿರುವುದು. ಸೊಳ್ಳೆಯ ಮರಿ ನೀರಿನಲ್ಲಿ ಬೆಳೆಯುತ್ತದೆ. ಪ್ರೌಢ ಸೊಳ್ಳೆ ಗಾಳಿಯಲ್ಲಿ ಹಾರಿ ಹೂವಿನ ರಸವನ್ನೂ, ಹೆಣ್ಣಾದರೆ ರಕ್ತವನ್ನೂ ಹೀರುತ್ತದೆ. ಮನೆಯ ನೊಣದ ಮರಿಗೆ ಕಾಲುಗಳಿಲ್ಲ. ಸಗಣಿ ಮತ್ತು ಕೊಳೆತ ಪದಾರ್ಥಗಳೇ ಅದರ ಮನೆ, ಅವೇ ಅದರ ಊಟ. ದನ ಸಾಕಿ ತಿಪ್ಪೆ ಕೂಡಿಸಿದ ಮನುಷ್ಯನು ನೊಣಕ್ಕೂ, ನೀರು ಕೂಡಿಸಿಟ್ಟ ಮನುಷ್ಯನು ಸೊಳ್ಳೆಗೂ ತಾನಾಗಿಯೇ ನೆಲೆ ಒದಗಿಸಿದನು.

ಮನೆಯೊಳಗಿನ ಉಳಿದ ಸಂಧಿಪದಿಗಳ ವಿಷಯದಲ್ಲಿಯೂ ಹೆಸರು ಮತ್ತು ವಂಶಗಳ ನಡುವಣ ಈ ಅಂತರ ಕಾಣುತ್ತದೆ. ಗ್ರಂಥ ಭಂಡಾರಗಳ ಶತ್ರುವಾದ ಗೆದ್ದಲು ಗೂಡು ಕಟ್ಟಿ ಗುಂಪಾಗಿ ಬಾಳುವುದರಿಂದ ಇರುವೆಯ ಜಾತಿಯೆಂದು ತೋರುತ್ತದೆ. ವಂಶದಲ್ಲಿ ಅದು ಜಿರಳೆಯ ಬಳಗ. ಎಂಟು ಕಾಲಿನ ಜೇಡ ಮತ್ತು ಚೇಳುಗಳು ಕೀಟಗಳೇ ಅಲ್ಲ. ‘ನುಸಿ’ ಎಂಬ ಒಂದೇ ಪದ ಸಣ್ಣ ಹಾರುಕೀಟಕ್ಕೂ, ತೆಂಗಿನ ಕಾಯಿಗೆ ಹತ್ತುವ, ಜೇಡನ ವರ್ಗಕ್ಕೆ ಸೇರಿದ ಸೂಕ್ಷ್ಮಜೀವಿಗೂ ಬಳಕೆಯಾಗುತ್ತದೆ. ಹೆಸರೇ ಇಲ್ಲದವು ಇನ್ನೂ ಹೆಚ್ಚು. ಅಮೆರಿಕದ ಉತ್ತರ ಕೆರೊಲಿನಾ ರಾಜ್ಯದ ರಾಲೀ ನಗರದ ಸುತ್ತಮುತ್ತ 50 ಮನೆಗಳನ್ನು ಶೋಧಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 304 ಕುಟುಂಬಗಳಿಗೆ ಸೇರಿದ ಸಂಧಿಪದಿಗಳು ದೊರೆತವು; ಒಂದೊಂದು ಮನೆಯಲ್ಲಿ ಸರಾಸರಿ 93 ಬಗೆಗಳಿದ್ದವು. ಅವುಗಳಲ್ಲಿ ಬಹುಪಾಲು ಮನುಷ್ಯನಿಗೆ ಯಾವ ಕೇಡನ್ನೂ ಮಾಡುವವಲ್ಲ. ಬಗೆಗಳ ಸಂಖ್ಯೆಯಲ್ಲಿ ಮುಂಚೂಣಿಯಲ್ಲಿದ್ದ ಗುಂಪುಗಳಲ್ಲಿ ಎರಡು ರೆಕ್ಕೆಯವುಗಳದೂ ಒಂದು.

ಇಂತಹ ಸೂಕ್ಷ್ಮ ವಿಂಗಡಣೆಯಿಂದ ಆಗುವ ಪ್ರಯೋಜನವೇನು ಎಂಬ ಪ್ರಶ್ನೆಗೆ ಹೈದರಾಬಾದಿನ ಚರಿತ್ರೆಯಲ್ಲಿಯೇ ಉತ್ತರವಿದೆ. ಮಲೇರಿಯಾದ ಪರೋಪಜೀವಿಯನ್ನು ರೋಗಿಯ ರಕ್ತದಲ್ಲಿ ಫ್ರೆಂಚ್ ವೈದ್ಯ ಲಾವೆರಾನ್ 1880ರಲ್ಲಿಯೇ ಕಂಡಿದ್ದನು. ಅದು ಒಬ್ಬನಿಂದ ಇನ್ನೊಬ್ಬನಿಗೆ ಹೇಗೆ ಹರಡುತ್ತದೆಂಬುದು ಮಾತ್ರ ತಿಳಿದಿರಲಿಲ್ಲ. ಸೇನಾ ವೈದ್ಯನಾಗಿದ್ದ ರೊನಾಲ್ಡ್ ರಾಸ್ 1895ರಲ್ಲಿ ಸಿಕಂದರಾಬಾದಿನಲ್ಲಿ ಈ ಶೋಧವನ್ನು ಕೈಗೊಂಡನು. ರೋಗಿಗಳನ್ನು ಕಚ್ಚಿದ ಸೊಳ್ಳೆಗಳನ್ನು ಸೀಳಿ ಸೂಕ್ಷ್ಮದರ್ಶಕದಡಿಯಲ್ಲಿ ನೋಡುತ್ತ ಎರಡು ವರ್ಷ ಕಳೆದರೂ ಫಲ ಸಿಗಲಿಲ್ಲ. ಅವನ ಶ್ರಮದಲ್ಲಿ ಕೊರತೆಯಿರಲಿಲ್ಲ. ಅವನು ಪರೀಕ್ಷಿಸುತ್ತಿದ್ದ ಸೊಳ್ಳೆಯ ಜಾತಿಯೇ ಬೇರೆಯಾಗಿತ್ತು.

ರಾಸ್ ಕೀಟಶಾಸ್ತ್ರಜ್ಞನಲ್ಲ. ಶಾಸ್ತ್ರೀಯ ಹೆಸರುಗಳನ್ನು ತಿಳಿಯಲು ಬೇಕಾದ ಗ್ರಂಥಗಳೂ ಅವನ ಬಳಿ ಇರಲಿಲ್ಲ. ಆದುದರಿಂದ ಅವನು ಕಣ್ಣಿಗೆ ಕಂಡ ಗುರುತುಗಳಿಂದಲೇ ಬೂದುಬಣ್ಣದವು, ಪಟ್ಟೆಯವು, ರೆಕ್ಕೆಯಲ್ಲಿ ಚುಕ್ಕೆಯಿರುವವು ಎಂದು ಮೂರು ಬಗೆ ಮಾಡಿಕೊಂಡನು. 1897ರ ಆಗಸ್ಟಿನಲ್ಲಿ, ಮರಿಗಳಿಂದ ಬೆಳೆಸಿದ ಚುಕ್ಕೆರೆಕ್ಕೆಯ ಸೊಳ್ಳೆಗಳು ಹುಸೇನ್ ಖಾನ್ ಎಂಬ ಮಲೇರಿಯಾ ರೋಗಿಯನ್ನು ಕಚ್ಚುವಂತೆ ಮಾಡಿದನು. ಕಚ್ಚಿಸಿಕೊಂಡ ಒಂದೊಂದು ಸೊಳ್ಳೆಗೆ ಒಂದು ಆಣೆ ಆ ರೋಗಿಗೆ ಸಂದಿತು. ಆಗಸ್ಟ್ 20ರಂದು ಅಂತಹ ಒಂದು ಸೊಳ್ಳೆಯ ಹೊಟ್ಟೆಯ ಗೋಡೆಯಲ್ಲಿ, ಮಲೇರಿಯಾದ ಕಪ್ಪು ಕಣಗಳನ್ನು ಹೊತ್ತ ಗುಂಡನೆಯ ಕೋಶಗಳು ಕಂಡವು. ಮರುದಿನ ಮತ್ತೊಂದು ಸೊಳ್ಳೆಯಲ್ಲಿ ಅವು ಇನ್ನೂ ದೊಡ್ಡದಾಗಿದ್ದವು. ಪರೋಪಜೀವಿ ಸೊಳ್ಳೆಯೊಳಗೆ ಬೆಳೆಯುತ್ತಿರುವುದು ಖಚಿತವಾಯಿತು. 1898ರಲ್ಲಿ ಅವನು ಕಲ್ಕತ್ತೆಯಲ್ಲಿ ಹಕ್ಕಿಗಳ ಮಲೇರಿಯಾದ ಮೂಲಕ ಪೂರ್ಣ ಜೀವನಚಕ್ರವನ್ನು ತೋರಿಸಿದನು. 1902ರಲ್ಲಿ ನೊಬೆಲ್ ಪಾರಿತೋಷಕ ಪಡೆದನು. ಮನುಷ್ಯನಿಗೆ ಮಲೇರಿಯಾ ಹರಡುವ ಚುಕ್ಕೆರೆಕ್ಕೆಯ ಸೊಳ್ಳೆ ಅನಾಫಿಲಿಸ್ ಕುಲದ್ದೆಂದು ಪ್ರಾಣಿಶಾಸ್ತ್ರದ ಪರಿಭಾಷೆಯಲ್ಲಿ ಗುರುತಿಸಿದವರು ಇಟಲಿಯ ಗ್ರಾಸ್ಸಿ ಮತ್ತು ಅವರ ಸಂಗಡಿಗರು. ರಾಸ್‌ನ ಶೋಧದ ನೆನಪಿನ ಕಟ್ಟಡ ಬೇಗಂಪೇಟೆಯಲ್ಲಿದ್ದು, ಅಲ್ಲಿನ ಪರೋಪಜೀವಿ ಸಂಶೋಧನಾ ಸಂಸ್ಥೆ ಉಸ್ಮಾನಿಯಾ ವಿಶ್ವವಿದ್ಯಾಲಯಕ್ಕೆ ಸೇರಿದೆ.

ಈ ವಿಂಗಡಣೆ ಇಂದಿಗೂ ಪ್ರಸ್ತುತವಾಗಿದೆ. ನಗರದ ಮನೆಯೊಂದರಲ್ಲಿ ‘ಸೊಳ್ಳೆ’ ಎನಿಸಿಕೊಳ್ಳುವುದು ಕಡಮೆಯೆಂದರೆ ಮೂರು ಕುಲ. ಕೊಳಕು ಚರಂಡಿಯಲ್ಲಿ ಹುಟ್ಟಿ ರಾತ್ರಿ ಕಚ್ಚುವ ಕ್ಯೂಲೆಕ್ಸ್ ಆನೆಕಾಲು ರೋಗವನ್ನು ಹರಡುತ್ತದೆ. ಕಾಲುಗಳಲ್ಲಿ ಬಿಳಿಪಟ್ಟೆಯಿದ್ದು ಹಗಲಿನಲ್ಲಿ ಕಚ್ಚುವ ಈಡಿಸ್, ಡೆಂಗಿ ಜ್ವರವನ್ನು ತರುತ್ತದೆ. ಅದು ಹೂಕುಂಡದ ತಟ್ಟೆ, ಹಳೆಯ ಟೈರು, ಮುಚ್ಚದ ಡ್ರಮ್ಮುಗಳಲ್ಲಿ ನಿಂತ ನೀರಿನಲ್ಲಿ ಬೆಳೆಯುತ್ತದೆ. ತಲೆ ಕೆಳಗಾಗಿ ಹಿಂಭಾಗವನ್ನು ಎತ್ತಿ ಓರೆಯಾಗಿ ಕೂರುವುದು ಅನಾಫಿಲಿಸ್. ನಗರಗಳಲ್ಲಿ ಅದರ ಒಂದು ಪ್ರಭೇದವು ಬಾವಿ ಮತ್ತು ಮಹಡಿಯ ಮೇಲಿನ ನೀರಿನ ತೊಟ್ಟಿಗಳನ್ನು ಆಶ್ರಯಿಸುತ್ತದೆ. ಚರಂಡಿಯನ್ನು ಎಷ್ಟು ಚೊಕ್ಕಟ ಮಾಡಿದರೂ ಹೂಕುಂಡದ ನೀರನ್ನು ಚೆಲ್ಲದಿದ್ದರೆ ಡೆಂಗಿ ತಪ್ಪುವುದಿಲ್ಲ. ಮೂರಕ್ಕೂ ಒಂದೇ ಹೆಸರಿದ್ದಾಗ ಒಂದೇ ಪರಿಹಾರ ಸಾಕೆಂಬ ಭ್ರಮೆ ಸುಲಭವಾಗಿ ಹುಟ್ಟುತ್ತದೆ.

ಇದರಿಂದ ಜನಭಾಷೆಯ ಹೆಸರುಗಳು ತಪ್ಪೆಂದು ಹೇಳಿದಂತಾಗುವುದಿಲ್ಲ. ಜೇನುನೊಣವನ್ನು ನೊಣವೆಂದು ಕರೆದ ಕನ್ನಡಿಗನು ಹಾರುವ ರೀತಿಯನ್ನು ಸರಿಯಾಗಿಯೇ ಗಮನಿಸಿದ್ದನು. ರಾಸ್ ಮಾಡಿದುದೂ ಅದೇ ಜಾತಿಯ ಕೆಲಸ. ಬೂದು, ಪಟ್ಟೆ, ಚುಕ್ಕೆ ಎಂಬುವು ಗ್ರಂಥದಿಂದ ಬಂದ ಪರಿಭಾಷೆಗಳಲ್ಲ, ಕಣ್ಣಿನಿಂದ ಹುಟ್ಟಿದ ಹೆಸರುಗಳು. ಕನ್ನಡದಲ್ಲಿ ವಿಜ್ಞಾನವನ್ನು ಬರೆಯುವವರು ಕುಲನಾಮಗಳನ್ನು ಲಿಪ್ಯಂತರಿಸುವುದರ ಜೊತೆಗೆ ಪಟ್ಟೆಸೊಳ್ಳೆ, ಚುಕ್ಕೆಸೊಳ್ಳೆ, ಚರಂಡಿಸೊಳ್ಳೆ ಎಂಬಂತಹ ಪದಗಳನ್ನು ಬಳಕೆಗೆ ತಂದರೆ, ನೋಡಿದ ಕೂಡಲೇ ಗುರುತಿಸುವ ಶಕ್ತಿ ಓದುಗನಿಗೆ ಬರುತ್ತದೆ. ಪದಕೋಶದ ಶ್ರೀಮಂತಿಕೆ ಇಲ್ಲಿ ಅಲಂಕಾರವಲ್ಲ, ಆರೋಗ್ಯದ ಸಾಧನ.