ಮೇಜಿನ ಕೆಳಗಿನ ಪೆಟ್ಟಿಗೆ



ಕಥೆ, ಕವನ, ಪುಸ್ತಕ ವಿಮರ್ಶೆಗಳ ನಡುವೆ ಕಂಪ್ಯೂಟರಿನ ಧೂಳು ಹೊಡೆಯುವ ವಿಷಯಕ್ಕೆ ಇಲ್ಲೇನು ಕೆಲಸ ಎಂದು ನೀವು ಹುಬ್ಬೇರಿಸಬಹುದು. ಆದರೆ ನಮ್ಮ ಕೂಟದಲ್ಲಿ ಬರೆಯುವವರು ಬಹಳ ಮಂದಿ ಇವತ್ತಿಗೂ ಬರೆಯುವುದು ಡೆಸ್ಕ್‌ಟಾಪ್ ಮೇಲೆಯೇ. ಮಕ್ಕಳು ಲ್ಯಾಪ್‌ಟಾಪ್ ಹಿಡಿದು ಕಾಲೇಜಿಗೆ ಹೋದ ಮೇಲೆ ಮನೆಯಲ್ಲಿ ಉಳಿದುಕೊಂಡು, ಮೇಜಿನ ಕೆಳಗೆ ಕಾರ್ಪೆಟ್ಟಿನ ಮೇಲೆ ಕೂತಿರುವ ಆ ಕಪ್ಪು ಪೆಟ್ಟಿಗೆ. ಅದರೊಳಗೆ ಹದಿನೈದಿಪ್ಪತ್ತು ವರ್ಷಗಳ ಬರವಣಿಗೆ ಇದೆ, ಅಚ್ಚಾಗದ ಅನುವಾದಗಳಿವೆ, ಊರಿಗೆ ಹೋದಾಗ ಸ್ಕ್ಯಾನ್ ಮಾಡಿ ತಂದ ಅಪ್ಪನ ಕಾಗದಗಳಿವೆ. ಪೆಟ್ಟಿಗೆ ಕೆಟ್ಟರೆ ಇನ್ನೊಂದು ಕೊಂಡರಾಯಿತು. ಒಳಗಿನದು ಅಂಗಡಿಯಲ್ಲಿ ಸಿಗುವ ಸಾಮಾನಲ್ಲ.

ಮೊದಲು ಧೂಳಿನ ಕಥೆ. ಕಂಪ್ಯೂಟರಿನ ಪ್ರೊಸೆಸರ್ ಕೆಲಸ ಮಾಡುವಾಗ ಬಿಸಿಯಾಗುತ್ತದೆ. ಅದರ ತಲೆಯ ಮೇಲೆ ಬಾಚಣಿಗೆಯ ಹಲ್ಲಿನಂಥ ಲೋಹದ ಹೀಟ್ ಸಿಂಕ್, ಅದಕ್ಕೆ ಗಾಳಿ ಬೀಸುವ ಫ್ಯಾನ್. ಫ್ಯಾನ್ ಕೋಣೆಯ ಗಾಳಿಯನ್ನು ಎಳೆದುಕೊಳ್ಳುತ್ತದೆ, ಕೋಣೆಯಲ್ಲಿ ಏನಿದೆಯೋ ಅದೆಲ್ಲ ಒಳಗೆ ಹೋಗುತ್ತದೆ. ಕಾರ್ಪೆಟ್ಟಿನ ನೂಲು, ನಾಯಿಯ ಕೂದಲು ಎಲ್ಲರ ಮನೆಯಲ್ಲೂ ಇದ್ದದ್ದೇ. ನಮ್ಮವರ ಮನೆಗಳಲ್ಲಿ ಇನ್ನೆರಡು ಸೇರುತ್ತವೆ: ಒಗ್ಗರಣೆಯ ಎಣ್ಣೆಹೊಗೆ ಮತ್ತು ಊದಿನಕಡ್ಡಿಯ ಹೊಗೆ. ಒಣ ಧೂಳು ಊದಿದರೆ ಹಾರಿಹೋಗುತ್ತದೆ. ಎಣ್ಣೆಯ ಪಸೆ ಸೇರಿದ ಧೂಳು ಜಿಡ್ಡಾಗಿ ಹಲ್ಲುಗಳ ಸಂದಿಯಲ್ಲಿ ಕಂಬಳಿ ಹೊದ್ದಂತೆ ಕೂರುತ್ತದೆ. ಅಡಿಗೆಮನೆ, ಹಾಲ್ ಎಲ್ಲ ಒಂದೇ ಆಗಿರುವ ಮನೆಗಳಲ್ಲಿ ಕಂಪ್ಯೂಟರನ್ನು ಒಲೆಯಿಂದ ಆದಷ್ಟು ದೂರ ಇಡುವುದು ಒಳ್ಳೆಯದು. ನೆಲದಿಂದ ಒಂದಡಿ ಎತ್ತರದ ಸ್ಟೂಲಿನ ಮೇಲೆ, ಹಿಂಬದಿಗೆ ಗೋಡೆಯಿಂದ ನಾಲ್ಕೈದು ಅಂಗುಲ ಬಿಟ್ಟು ಇಟ್ಟರೆ ಇನ್ನೂ ಒಳ್ಳೆಯದು.

ಶಾಖ ಮಿತಿ ಮೀರಿದರೆ ಪ್ರೊಸೆಸರ್ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ, ಇಲ್ಲವೇ ಯಂತ್ರವೇ ಆಫ್ ಆಗುತ್ತದೆ. ಹೊರಗೆ ನಮಗೆ ಕಾಣುವುದು ಎರಡೇ ಲಕ್ಷಣ: ಫ್ಯಾನ್ ಮಿಕ್ಸಿಯಂತೆ ಕೂಗುತ್ತದೆ, ಕೆಲಸ ಆಮೆಯಂತೆ ಸಾಗುತ್ತದೆ. 'ಪಾಪ, ವಯಸ್ಸಾಯಿತು' ಎಂದು ಹೊಸದು ಕೊಳ್ಳಲು ಹೊರಡುವವರನ್ನು ನಾನು ಬಹಳ ನೋಡಿದ್ದೇನೆ. ಮೊದಲು ಅರ್ಧ ಗಂಟೆ ಧೂಳು ತೆಗೆದು ನೋಡಿ. ಆಮೇಲೂ ಬಿಸಿ ಇಳಿಯದಿದ್ದರೆ ಪ್ರೊಸೆಸರಿಗೂ ಹೀಟ್ ಸಿಂಕಿಗೂ ನಡುವೆ ಹಚ್ಚಿದ ಪೇಸ್ಟ್ ಒಣಗಿರುತ್ತದೆ. ಅದನ್ನು ಒರೆಸಿ ಹೊಸದು ಹಚ್ಚುವುದನ್ನು ಕೈಪಳಗಿದವರಿಗೆ ಬಿಡಿ.

ಧೂಳು ತೆಗೆಯುವ ಕ್ರಮ ಹೀಗೆ. ಶಟ್‌ಡೌನ್ ಮಾಡಿ, ತಂತಿ ಕಿತ್ತು, ಆಮೇಲೆ ಪವರ್ ಬಟನ್ನನ್ನು ಕೆಲವು ಸೆಕೆಂಡು ಒತ್ತಿ ಹಿಡಿಯಿರಿ. ಒಳಗೆ ಉಳಿದ ವಿದ್ಯುತ್ತು ಖಾಲಿಯಾಗುತ್ತದೆ. ಪೆಟ್ಟಿಗೆಯನ್ನು ಗ್ಯಾರೇಜಿಗೋ ಪ್ಯಾಟಿಯೋಗೋ ಒಯ್ಯಿರಿ, ಹಾಲಿನಲ್ಲಿ ಊದಿದರೆ ಮನೆಯವರಿಂದ ಬೈಸಿಕೊಳ್ಳುತ್ತೀರಿ. ಪಕ್ಕದ ಮುಚ್ಚಳ ತೆಗೆದು ಒಳಗಿನ ಬರಿಯ ಲೋಹವನ್ನು ಒಮ್ಮೆ ಮುಟ್ಟಿ. ಡಬ್ಬಿಯಲ್ಲಿ ಸಿಗುವ ಒತ್ತಿದ ಗಾಳಿಯನ್ನು ಚಿಕ್ಕ ಚಿಕ್ಕದಾಗಿ ಊದಿ. ಡಬ್ಬಿ ನೆಟ್ಟಗಿರಲಿ, ತಲೆಕೆಳಗಾದರೆ ಕೊರೆಯುವ ದ್ರವ ಚಿಮ್ಮುತ್ತದೆ. ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದಿರಿ, ಬಿಟ್ಟರೆ ಬುಗುರಿಯಂತೆ ತಿರುಗಿ ಬೇರಿಂಗ್ ಕೆಡುತ್ತದೆ. ಮನೆಯ ವ್ಯಾಕ್ಯೂಮ್ ಕ್ಲೀನರನ್ನು ಮಾತ್ರ ಒಳಗೆ ತೂರಿಸಬೇಡಿ, ಅದರ ಪ್ಲಾಸ್ಟಿಕ್ ಮೂತಿಯಲ್ಲಿ ಸ್ಥಿರ ವಿದ್ಯುತ್ತು ಹುಟ್ಟುತ್ತದೆ. ಇಲ್ಲಿನ ಚಳಿಗಾಲದಲ್ಲಿ ಹೀಟರ್ ಹಾಕಿ ಗಾಳಿ ಒಣಗಿರುವಾಗ, ಉಣ್ಣೆಯ ಕಾಲುಚೀಲದಲ್ಲಿ ಕಾರ್ಪೆಟ್ ಮೇಲೆ ನಡೆದು ಬಾಗಿಲ ಹಿಡಿಕೆ ಮುಟ್ಟಿದರೆ ಚಟ್ಟೆನ್ನುತ್ತದಲ್ಲ, ಅದು ಸಾವಿರಾರು ವೋಲ್ಟಿನ ಕಿಡಿ. ನಮ್ಮ ಬೆರಳಿಗೆ ಗೊತ್ತೇ ಆಗದಷ್ಟು ಸಣ್ಣ ಕಿಡಿಯೂ ಚಿಪ್ ಒಂದನ್ನು ಸುಡಬಲ್ಲದು. ಇನ್ನು ಪವರ್ ಸಪ್ಲೈ ಎಂಬ ಒಳಪೆಟ್ಟಿಗೆಯನ್ನು ಎಂದೂ ಬಿಚ್ಚಬೇಡಿ, ತಂತಿ ಕಿತ್ತ ಮೇಲೂ ಅದರಲ್ಲಿ ಅಪಾಯದ ವಿದ್ಯುತ್ತು ಉಳಿದಿರುತ್ತದೆ. ಅದಕ್ಕೆ ಹೊರಗಿನಿಂದ ಊದಿದರೆ ಸಾಕು.

ಎಷ್ಟು ದಿನಕ್ಕೊಮ್ಮೆ? ಯುಗಾದಿಗೊಮ್ಮೆ, ಆಯುಧಪೂಜೆಗೊಮ್ಮೆ ಎಂದಿಟ್ಟುಕೊಳ್ಳಿ. ಎರಡರ ನಡುವೆ ಸರಿಸುಮಾರು ಆರಾರು ತಿಂಗಳು, ಮರೆಯುವ ಹಾಗಿಲ್ಲ. ಆಯುಧಪೂಜೆಯ ದಿನ ಕುಂಕುಮವನ್ನು ಮಾನಿಟರಿನ ಅಂಚಿಗೆ ಹಚ್ಚಿ. ಮುಂದಿನ ಜಾಲರಿಗೆ ಹಚ್ಚಿದರೆ ದೇವರಿಗಿಂತ ಮೊದಲು ಫ್ಯಾನ್ ಸ್ವೀಕರಿಸುತ್ತದೆ.

ಎರಡನೆಯದು ವಿದ್ಯುತ್ತು. ಗೋಡೆಗೂ ಕಂಪ್ಯೂಟರಿಗೂ ನಡುವೆ ಸರ್ಜ್ ಪ್ರೊಟೆಕ್ಟರ್ ಇರಲಿ. ಆರು ತೂತಿನ ಪಟ್ಟಿಗಳೆಲ್ಲ ಸರ್ಜ್ ಪ್ರೊಟೆಕ್ಟರ್ ಅಲ್ಲ, ಡಬ್ಬದ ಮೇಲೆ ಹಾಗೆಂದು ಬರೆದಿರಬೇಕು. ಹಾಗೆ ಬರೆದಿದ್ದರೂ ಅದು ಶಾಶ್ವತವಲ್ಲ. ಪ್ರತಿ ಏಟನ್ನೂ ತಾನು ತಿಂದು ಒಳಗೇ ಸವೆಯುತ್ತದೆ, ರಕ್ಷಣೆಯ ಪುಟ್ಟ ದೀಪ ಆರಿದ್ದರೆ ಬದಲಿಸಿ. ಗುಡುಗು ಮಿಂಚು ಜೋರಾದಾಗ ತಂತಿ ಕಿತ್ತಿಡುವ ನಮ್ಮೂರಿನ ಅಭ್ಯಾಸಕ್ಕಿಂತ ದೊಡ್ಡ ರಕ್ಷಣೆ ಇಲ್ಲಿಯೂ ಇಲ್ಲ.

ಊರಿಗೆ ವಾಪಸು ಹೋಗುವವರು, ಅಥವಾ ಹಳೆಯ ಡೆಸ್ಕ್‌ಟಾಪನ್ನು ತಮ್ಮನ ಮಕ್ಕಳಿಗೆಂದು ಒಯ್ಯುವವರು ಇದೊಂದನ್ನು ಗಮನಿಸಿ. ಅಮೆರಿಕದ ಗೋಡೆಯಲ್ಲಿ 120 ವೋಲ್ಟ್, ಭಾರತದಲ್ಲಿ 230. ಹಳೆಯ ಪವರ್ ಸಪ್ಲೈಗಳ ಹಿಂಬದಿಯಲ್ಲಿ 115 ಮತ್ತು 230 ಎಂದು ಬರೆದ ಪುಟ್ಟ ಕೆಂಪು ಸ್ವಿಚ್ ಇರುತ್ತದೆ. ಅದು 115ರಲ್ಲೇ ಇದ್ದು ಬೆಂಗಳೂರಿನಲ್ಲಿ ಪ್ಲಗ್ ಹಾಕಿದರೆ ಢಮಾರ್! ಹೊಸ ಸಪ್ಲೈಗಳು ತಾವೇ ಹೊಂದಿಕೊಳ್ಳುತ್ತವೆ. ಅವುಗಳ ಚೀಟಿಯಲ್ಲಿ 100-240 ಎಂದಿರುತ್ತದೆ. ಸ್ವಿಚ್ಚೂ ಇಲ್ಲದೆ, ಚೀಟಿಯಲ್ಲಿ ಬರೀ 115 ಇದ್ದರೆ ಹಾಕಲೇಬೇಡಿ.

ಆನ್ ಮಾಡಿದಾಗಲೆಲ್ಲ ಗಡಿಯಾರ ಎಷ್ಟೋ ವರ್ಷ ಹಿಂದಿನ ತಾರೀಖು ತೋರಿಸುತ್ತಿದೆಯೇ? ಬ್ಯಾಂಕಿನ ಪುಟ ತೆರೆದರೆ 'ಸುರಕ್ಷಿತವಲ್ಲ' ಎನ್ನುತ್ತಿದೆಯೇ? ಹೆದರಬೇಡಿ. ಮದರ್‌ಬೋರ್ಡಿನ ಮೇಲಿನ ಬಿಲ್ಲೆ ಬ್ಯಾಟರಿ ಮುಗಿದಿರಬಹುದು. ಹೆಚ್ಚಿನ ಡೆಸ್ಕ್‌ಟಾಪುಗಳಲ್ಲಿ ಇರುವುದು ಸಿಆರ್ 2032, ಔಷಧಿ ಅಂಗಡಿಯಲ್ಲೂ ಸಿಗುತ್ತದೆ.

ತಂತ್ರಾಂಶದ ಬಗ್ಗೆ ಹೆಚ್ಚು ಹೇಳುವುದಿಲ್ಲ. 'ನಿಮ್ಮ ಕಂಪ್ಯೂಟರನ್ನು ಶುಚಿ ಮಾಡುತ್ತೇವೆ, ವೇಗ ಹತ್ತು ಪಟ್ಟು' ಎಂದು ಕುಣಿಯುವ ಜಾಹೀರಾತಿನ ಯಾವ ತಂತ್ರಾಂಶವೂ ಬೇಡ. 'ಮೈಕ್ರೋಸಾಫ್ಟಿನಿಂದ ಮಾತಾಡುತ್ತಿದ್ದೇವೆ' ಎಂದು ತಾವಾಗಿ ಫೋನ್ ಮಾಡುವವರೆಲ್ಲ ಕಳ್ಳರೇ, ಅವರ ಉಚ್ಚಾರಣೆ ಎಷ್ಟೇ ಆತ್ಮೀಯವಾಗಿರಲಿ! ಡಿಫ್ರಾಗ್ ಎಂಬ ಹಳೆಯ ವ್ರತ ಎಸ್‌ಎಸ್‌ಡಿ ಇದ್ದವರಿಗೆ ಬೇಕಿಲ್ಲ. ನಿಮ್ಮದು ಇನ್ನೂ ತಿರುಗುವ ಹಾರ್ಡ್ ಡಿಸ್ಕಿನಿಂದ ಏಳುವ ಯಂತ್ರವಾದರೆ, ಎಸ್‌ಎಸ್‌ಡಿ ಹಾಕಿಸುವಷ್ಟು ಫಲ ಕೊಡುವ ಖರ್ಚು ಬೇರೊಂದಿಲ್ಲ. ಇನ್ನು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ರಂದು ಸಾಮಾನ್ಯ ಬೆಂಬಲ ನಿಲ್ಲಿಸಿತು. ವಿಂಡೋಸ್ 11 ಹಿಡಿಸದಷ್ಟು ಹಳೆಯ ಯಂತ್ರವನ್ನು ಎಸೆಯಬೇಕಿಲ್ಲ, ಇಂಟರ್ನೆಟ್ ತಪ್ಪಿಸಿ ಬರೆಯುವುದಕ್ಕೆಂದೇ ಇಟ್ಟುಕೊಳ್ಳಿ. ಇ-ಮೇಲಿನ ಕಾಟವಿಲ್ಲದೆ ಬರವಣಿಗೆ ಮುಂದೆ ಹೋದೀತು.

ಈಗ ಮುಖ್ಯ ವಿಷಯ. ಕಳೆದ ವರ್ಷ ನಮ್ಮ ಹಿರಿಯ ಸದಸ್ಯರೊಬ್ಬರ ಕಂಪ್ಯೂಟರ್ ಟಿಕ್ ಟಿಕ್ ಎನ್ನತೊಡಗಿತು. ತೆಲುಗಿನಿಂದ ಒಂದು ದೊಡ್ಡ ಕಾದಂಬರಿಯನ್ನು ಅವರು ಆರು ವರ್ಷದಿಂದ ಅನುವಾದಿಸುತ್ತಿದ್ದರು, ಇದ್ದದ್ದು ಅದೊಂದೇ ಪ್ರತಿ. ಈಗ ಸರಿಹೋದೀತು, ಇನ್ನೊಂದು ಸಲ ನೋಡೋಣ ಎಂದು ಮೂರು ದಿನ ಆನ್ ಆಫ್ ಮಾಡುತ್ತಲೇ ಇದ್ದರು. ಹಾರ್ಡ್ ಡಿಸ್ಕಿನ ಆ ಸದ್ದು ಸಾಮಾನ್ಯವಾಗಿ ಓದುವ ತಲೆ ತನ್ನ ಜಾಗ ಸಿಗದೆ ತಡಕಾಡುವ ಸದ್ದು. ಪ್ರತಿ ಸಲ ಆನ್ ಮಾಡಿದಾಗಲೂ ತಟ್ಟೆಯ ಮೇಲ್ಮೈಯನ್ನು ಅದು ಇನ್ನಷ್ಟು ಕೆರೆಯಬಹುದು. ಸದ್ದು ಕೇಳಿದ ಕೂಡಲೇ ಆಫ್ ಮಾಡಿ ಹಾಗೇ ಬಿಡಬೇಕು. ಮಾಹಿತಿ ಹಿಂದೆ ಪಡೆದುಕೊಡುವ ಕಂಪೆನಿಯೊಂದು ನಾಲ್ಕು ಹೊಸ ಕಂಪ್ಯೂಟರಿನ ಬೆಲೆ ಕೇಳಿತು, ಕೊಟ್ಟರು. ಸಿಕ್ಕಿದ್ದು ಅರ್ಧ ಕಾದಂಬರಿ. ಉಳಿದರ್ಧವನ್ನು ಈಗ ಮತ್ತೆ ಅನುವಾದಿಸುತ್ತಿದ್ದಾರೆ. "ಮೊದಲಿನ ವಾಕ್ಯಗಳು ಕೈಗೆ ಸಿಗುತ್ತಿಲ್ಲ ಕಣಯ್ಯ" ಎಂದರು ನನ್ನೊಡನೆ.

ಡಿಸ್ಕುಗಳು ಎಷ್ಟೋ ಸಲ ಮುನ್ಸೂಚನೆ ಕೊಡುತ್ತವೆ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶ ಡಿಸ್ಕಿನ ಆರೋಗ್ಯವನ್ನು ಒಂದು ಬಣ್ಣದಲ್ಲಿ ತೋರಿಸುತ್ತದೆ. ಹಳದಿ ಕಂಡರೆ ಆ ದಿನವೇ ಎಲ್ಲವನ್ನೂ ಬೇರೆಡೆಗೆ ನಕಲು ಮಾಡಿ. ಆದರೆ ಸೂಚನೆ ಕೊಡದೆಯೇ ಸಾಯುವ ಡಿಸ್ಕುಗಳೂ ಇವೆ. ಛಾಯಾಗ್ರಾಹಕ ಪೀಟರ್ ಕ್ರೋ ಪ್ರಚಾರಕ್ಕೆ ತಂದ ಒಂದು ಲೆಕ್ಕ ನಮಗೂ ಸಾಕು: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಮನೆಯಿಂದ ಹೊರಗೆ. ಯುಎಸ್‌ಬಿ ಡಿಸ್ಕಿಗೆ ನಕಲು ಮಾಡಿ, ಮುಗಿದ ಮೇಲೆ ಕಿತ್ತು ಬೀರುವಿನಲ್ಲಿಡಿ. ಸದಾ ಚುಚ್ಚಿಟ್ಟರೆ ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ಕಳ್ಳ ತಂತ್ರಾಂಶ ಅದಕ್ಕೂ ಬೀಗ ಹಾಕುತ್ತದೆ. ವರ್ಷಗಟ್ಟಲೆ ಬೀರುವಿನಲ್ಲಿರಬೇಕಾದ ಪ್ರತಿಗೆ ಎಸ್‌ಎಸ್‌ಡಿಗಿಂತ ಹಾರ್ಡ್ ಡಿಸ್ಕ್ ವಾಸಿ, ವಿದ್ಯುತ್ತಿಲ್ಲದೆ ಬಹುಕಾಲ ಇಟ್ಟರೆ ಎಸ್‌ಎಸ್‌ಡಿಯ ನೆನಪು ಮಾಸಬಹುದು. ಒನ್‌ಡ್ರೈವಿನಂಥ ಸೇವೆ ಮನೆಯ ಹೊರಗಿನ ಪ್ರತಿಗೆ ಸರಿ, ಆದರೆ ಇಲ್ಲಿ ಅಳಿಸಿದ್ದು ಅಲ್ಲಿಯೂ ಅಳಿಸಿಹೋಗುತ್ತದೆ, ನೆನಪಿರಲಿ. ಮುನ್ನೂರು ಪುಟದ ಕನ್ನಡ ಕಾದಂಬರಿ ಬರಿಯ ಪಠ್ಯವಾಗಿ ಒಂದೆರಡು ಎಂಬಿ ಅಷ್ಟೆ. ತಿಂಗಳಿಗೊಮ್ಮೆ ನಿಮಗೆ ನೀವೇ ಇ-ಮೇಲ್ ಮಾಡಿಕೊಂಡರೂ ನಡೆಯುತ್ತದೆ.

ಕನ್ನಡದ ಬರಹಗಾರರಿಗೆ ಇನ್ನೊಂದು ತೊಡಕಿದೆ. ಹಿಂದೆ ನುಡಿಯಲ್ಲೋ ಬರಹದಲ್ಲೋ ಆ ಕಾಲದ ಫಾಂಟಿನಿಂದ ಟೈಪಿಸಿದ ಫೈಲುಗಳ ಒಳಗೆ ನಿಜಕ್ಕೂ ಇರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ. ಕನ್ನಡದ ರೂಪ ಕೊಡುವುದು ಫಾಂಟು. ಫೈಲನ್ನು ಮಾತ್ರ ಉಳಿಸಿ ಫಾಂಟನ್ನು ಬಿಟ್ಟರೆ ಹೊಸ ಕಂಪ್ಯೂಟರಿನಲ್ಲಿ ಕಾಣುವುದು ಕಲಸುಮೇಲೋಗರ. ಆದ್ದರಿಂದ ಫಾಂಟನ್ನೂ ಜೊತೆಗೇ ಉಳಿಸಿ, ಒಂದು ಪಿಡಿಎಫ್ ಮಾಡಿಡಿ, ಸಮಯ ಸಿಕ್ಕಾಗ ಯೂನಿಕೋಡಿಗೆ ಪರಿವರ್ತಿಸಿ. ಪರಿವರ್ತಿಸಿದ್ದನ್ನು ಒಮ್ಮೆ ಓದಲೇಬೇಕು, ಅರ್ಕಾವತ್ತು, ಒತ್ತಕ್ಷರಗಳಲ್ಲಿ ತಪ್ಪು ನುಸುಳುತ್ತದೆ. ನಕಲು ಮಾಡಿದ ಡಿಸ್ಕನ್ನೂ ಹಾಗೆಯೇ ಬೇರೊಂದು ಕಂಪ್ಯೂಟರಿಗೆ ಹಾಕಿ, ನಾಲ್ಕು ಫೈಲು ತೆರೆದು ಓದಿ ನೋಡಿ.

ಮುಂದಿನ ತಿಂಗಳ ಕೂಟಕ್ಕೆ ಹಳೆಯ ಡಿಸ್ಕುಗಳನ್ನು ಯುಎಸ್‌ಬಿಗೆ ಜೋಡಿಸುವ ತಂತಿಯನ್ನೂ ಎರಡು ಡಬ್ಬಿ ಗಾಳಿಯನ್ನೂ ತರುತ್ತೇನೆ. ಗ್ಯಾರೇಜಿನಲ್ಲಿ ಹಳೆಯ ಕಂಪ್ಯೂಟರ್ ಇಟ್ಟುಕೊಂಡಿರುವವರು ತನ್ನಿ. ಟಿಕ್ ಟಿಕ್ ಎನ್ನುವುದಾದರೆ ಆನ್ ಮಾಡದೆ ತನ್ನಿ.