ಎಕ್ಸ್‌ರೇಗೆ ಹೊರಡುವ ಮುನ್ನ

‘ಎಕ್ಸ್‌ರೇಗೆ ಎಷ್ಟಾಗುತ್ತೆ?’ ಎಂದಷ್ಟೇ ಕೇಳಿದರೆ ಸಿಗುವುದು ಅರ್ಧ ಉತ್ತರ. ಮಾಣಿಕನಗರದವರು ಹುಮನಾಬಾದಿನ ಎರಡು ಸೆಂಟರ್‌ಗಳಿಗೆ ಫೋನ್ ಮಾಡಿ ದರ ತಾಳೆ ಹಾಕುತ್ತಾರೆ ಅನ್ನಿ. ಒಬ್ಬರು ಒಂದೇ ಚಿತ್ರದ ದರ ಹೇಳಿರುತ್ತಾರೆ, ಇನ್ನೊಬ್ಬರು ಎರಡರದ್ದು. ಒಬ್ಬರ ಲೆಕ್ಕದಲ್ಲಿ ರೇಡಿಯಾಲಜಿಸ್ಟ್ ವರದಿ ಸೇರಿರುತ್ತದೆ, ಇನ್ನೊಬ್ಬರದ್ದು ಬರೀ ಫಿಲ್ಮ್. ಹಾಗಾಗಿ ಡಾಕ್ಟರ ಚೀಟಿ ಕೈಯಲ್ಲಿ ಹಿಡಿದೇ ಫೋನ್ ಮಾಡಿ. ಅದರಲ್ಲಿ ‘ಪಿಎ’, ‘ಎಪಿ’, ‘ಲ್ಯಾಟರಲ್’ ಎಂದು ಚಿತ್ರ ತೆಗೆಯುವ ದಿಕ್ಕು ಬರೆದದ್ದನ್ನು ಓದಿ ಹೇಳಿ, ವರದಿಯೂ ಸೇರಿ ಒಟ್ಟು ಎಷ್ಟು ಎಂದು ಕೇಳಿ. ಮೂಳೆ ಮುರಿದ ಅನುಮಾನವಿದ್ದಾಗ ಎರಡು ಚಿತ್ರ ಬೇಕೇ ಬೇಕು. ಎದುರಿನಿಂದ ಕಾಣದ ಬಿರುಕು ಪಕ್ಕದಿಂದ ಕಾಣುತ್ತದೆ. ಅಲ್ಲಿ ಒಂದನ್ನು ಬಿಟ್ಟು ದುಡ್ಡು ಉಳಿಸಬೇಡಿ.

ದರಪಟ್ಟಿ ಕೇಳಲು ಸಂಕೋಚ ಬೇಡ. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ 2007ರ ಕಾಯ್ದೆಯಂತೆ ಶುಲ್ಕದ ವಿವರ ಜನರಿಗೆ ಕಾಣುವಂತೆ ಇರಬೇಕು. ಖಾಸಗಿಗೆ ಹೋಗುವ ಮುನ್ನ ಹುಮನಾಬಾದ್ ಅಥವಾ ಬಸವಕಲ್ಯಾಣದ ತಾಲ್ಲೂಕು ಆಸ್ಪತ್ರೆಯಲ್ಲಿ ವಿಚಾರಿಸಿ. ಬಿಪಿಎಲ್ ಕಾರ್ಡ್, ಆಧಾರ್ ಜೊತೆಗಿರಲಿ. ಟೆಕ್ನಿಷಿಯನ್ ಇರುವ ಹೊತ್ತು ಯಾವುದೆಂದು ಮೊದಲೇ ತಿಳಿದುಕೊಳ್ಳಿ. ಎರಡು ವಾರ ದಾಟಿದ ಕೆಮ್ಮಿದ್ದರೆ ತಡಮಾಡದೆ ಅಲ್ಲಿಗೇ ಹೋಗಿ, ಕ್ಷಯದ ತಪಾಸಣೆ ಸರ್ಕಾರಿ ವ್ಯವಸ್ಥೆಯಲ್ಲಿ ಉಚಿತ. ಹುಮನಾಬಾದಿನಿಂದ ಬೀದರಿನ ವೈದ್ಯಕೀಯ ಕಾಲೇಜು ಆಸ್ಪತ್ರೆ ಬ್ರಿಮ್ಸ್‌ಗೆ ಹೋಗುವುದಾದರೆ ಸುಮಾರು 50 ಕಿ.ಮೀ. ದಾರಿಯ ಬಸ್ ಚಾರ್ಜು, ಜೊತೆಗೆ ಬರುವವರ ಒಂದು ದಿನದ ಕೂಲಿ, ಇವೆರಡನ್ನೂ ಲೆಕ್ಕಕ್ಕೆ ಹಿಡಿಯಿರಿ.

ಕೆಲವೊಮ್ಮೆ ಎಕ್ಸ್‌ರೇಯೇ ಬೇಕಾಗಿರುವುದಿಲ್ಲ. ಮೂಟೆ ಎತ್ತಿ ಸೊಂಟ ಹಿಡಿದುಕೊಂಡರೆ ಬಹಳಷ್ಟು ಜನರಿಗೆ ಕೆಲವೇ ವಾರಗಳಲ್ಲಿ ತಾನೇ ಇಳಿಯುತ್ತದೆ. ಬಿದ್ದ ಪೆಟ್ಟು, ಜ್ವರ, ತೂಕ ಇಳಿಕೆ, ಕಾಲಿನ ಬಲಹೀನತೆ, ಮೂತ್ರದ ಹಿಡಿತ ತಪ್ಪುವುದು, ಹಿಂದೆ ಕ್ಯಾನ್ಸರ್ ಆಗಿದ್ದದ್ದು, ಇವುಗಳಲ್ಲಿ ಒಂದಿದ್ದರೂ ಮಾತು ಬೇರೆ. ‘ಈಗಲೇ ತೆಗೆಸಬೇಕಾ, ಕಾದು ನೋಡಬಹುದಾ?’ ಎಂದು ಡಾಕ್ಟರನ್ನು ಕೇಳುವ ಹಕ್ಕು ನಿಮಗಿದೆ.

ಇನ್ನು ತಯಾರಿ. ಎದೆ, ಕೈ, ಕಾಲಿನ ಚಿತ್ರಕ್ಕೆ ಉಪವಾಸ ಬೇಕಿಲ್ಲ. ಬೇಕಾಗಿರುವುದು ಲೋಹ ಕಳಚುವುದು. ಕಿರಣಗಳನ್ನು ಲೋಹ ತಡೆಯುವುದರಿಂದ ಅದರ ಬಿಳಿ ಗುರುತು ರೋಗವನ್ನೇ ಮುಚ್ಚಿಬಿಡಬಹುದು. ತಾಳಿ, ಸರ, ಸೇಫ್ಟಿ ಪಿನ್ನು, ಒಳ ಉಡುಪಿನ ಹುಕ್ಕು, ತಾಯಿತ, ಸೊಂಟದ ಚಿತ್ರವಾದರೆ ಬೆಳ್ಳಿ ಉಡದಾರ, ಎಲ್ಲವೂ ಕಾಣುತ್ತವೆ. ಬೆಲೆಬಾಳುವ ಒಡವೆ ಮನೆಯಲ್ಲೇ ಬಿಟ್ಟು ಬರುವುದು ಲೇಸು. ಶರಣರ ನಾಡಿದು, ಅನೇಕರ ಎದೆಯ ಮೇಲೆ ಇಷ್ಟಲಿಂಗದ ಬೆಳ್ಳಿ ಕರಡಿಗೆ ಇರುತ್ತದೆ. ತೆಗೆದಿಡಲು ಮನಸ್ಸಾಗದಿದ್ದರೆ ಟೆಕ್ನಿಷಿಯನ್‌ಗೆ ಮೊದಲೇ ಹೇಳಿ. ಚಿತ್ರದ ಅಂಚಿನಿಂದಾಚೆಗೆ ಸರಿಸಿಕೊಂಡರೂ ಸಾಕು. ಹೆಣ್ಣುಮಕ್ಕಳು ಜಡೆಯನ್ನು ನೆತ್ತಿಯ ಮೇಲೆ ಕಟ್ಟಿಕೊಳ್ಳಲಿ. ಹೆಗಲ ಮೇಲೆ ಇಳಿಬಿದ್ದ ದಪ್ಪ ಜಡೆ ಶ್ವಾಸಕೋಶದ ತುದಿಯಲ್ಲಿ ಕಲೆಯಂತೆ ಕಂಡು, ಇಲ್ಲದ ಕ್ಷಯದ ಭಯ ಹುಟ್ಟಿಸಬಲ್ಲದು.

‘ಉಸಿರು ಎಳೆದು ಹಿಡಿಯಿರಿ’ ಎಂದಾಗ ನಿಜಕ್ಕೂ ತುಂಬ ಎಳೆಯಿರಿ. ಅರೆ ಉಸಿರಿನಲ್ಲಿ ತೆಗೆದ ಚಿತ್ರದಲ್ಲಿ ಹೃದಯ ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ವಯಸ್ಸಾದವರಿಗೆ ಮನೆಯಲ್ಲೇ ಒಮ್ಮೆ ರೂಢಿ ಮಾಡಿಸಿ.

ಕಿಡ್ನಿ ಕಲ್ಲಿಗೆ ತೆಗೆಯುವ ‘ಕೆಯುಬಿ’ಗೆ ಖಾಲಿ ಹೊಟ್ಟೆಯಲ್ಲಿ ಬರಲು, ಹಿಂದಿನ ರಾತ್ರಿ ಭೇದಿ ಮಾತ್ರೆ ತೆಗೆದುಕೊಳ್ಳಲು ಹೇಳಬಹುದು. ಕರುಳಿನ ಗ್ಯಾಸು ಕಲ್ಲನ್ನು ಮರೆಮಾಡುತ್ತದೆ. ಯೂರಿಕ್ ಆಸಿಡ್ ಕಲ್ಲುಗಳು ಇದರಲ್ಲಿ ಕಾಣುವುದೇ ಇಲ್ಲ, ಅವಕ್ಕೆ ಸ್ಕ್ಯಾನಿಂಗ್ ಬೇಕು. ಬಣ್ಣದ ಇಂಜೆಕ್ಷನ್ ಕೊಟ್ಟು ತೆಗೆಯುವುದಿದ್ದರೆ ಸಕ್ಕರೆ ಕಾಯಿಲೆಯ ಮಾತ್ರೆ, ಅಲರ್ಜಿ, ಕಿಡ್ನಿ ತೊಂದರೆ ಎಲ್ಲ ತಿಳಿಸಿ.

ಮುಟ್ಟು ತಪ್ಪಿದ್ದರೆ, ಬಸಿರಿನ ಅನುಮಾನ ಸ್ವಲ್ಪವಿದ್ದರೂ, ಕೋಣೆಯೊಳಗೆ ಕಾಲಿಡುವ ಮೊದಲೇ ಹೇಳಬೇಕು. ಅತ್ತೆ, ಗಂಡ ಜೊತೆಗಿದ್ದಾರೆಂದು ನಾಚಬೇಡಿ. ಉಳಿದವರು ಒಂದು ಎದೆ ಎಕ್ಸ್‌ರೇಗೆ ಹೆದರಬೇಕಿಲ್ಲ. ಅದರ ವಿಕಿರಣ ಸುಮಾರು 0.1 ಮಿಲಿಸೀವರ್ಟ್. ನೆಲ, ಗಾಳಿ, ಆಕಾಶದಿಂದ ಹತ್ತು ದಿನಗಳಲ್ಲಿ ಸಹಜವಾಗಿ ತಗಲುವಷ್ಟೇ.

ನಮ್ಮ ಕಡೆಯವರು ಹುಮನಾಬಾದಿನಲ್ಲಿ ತೋರಿಸಿ, ಗುಣವಾಗದಿದ್ದರೆ ಕಲಬುರಗಿಗೆ, ಅಲ್ಲಿಂದ ಸೊಲ್ಲಾಪುರಕ್ಕೋ ಹೈದರಾಬಾದಿಗೋ ಹೋಗುವವರು. ಹೋದಲ್ಲೆಲ್ಲ ಹೊಸ ಎಕ್ಸ್‌ರೇ, ಹೊಸ ಖರ್ಚು. ಹಾಗಾಗದಿರಲು ಹಳೆಯದನ್ನೇ ಜೊತೆಗೆ ಒಯ್ಯಿರಿ. ವಾಟ್ಸ್‌ಆ್ಯಪಿನ ಫೋಟೊದಲ್ಲಿ ಸೂಕ್ಷ್ಮ ವಿವರ ಅಳಿಸಿಹೋಗುತ್ತದೆ, ಅದನ್ನು ನಂಬಬೇಡಿ. ಡಿಜಿಟಲ್ ಯಂತ್ರವಾದರೆ ಮೂಲ ಫೈಲನ್ನೇ ಸಿಡಿಯಲ್ಲೋ ಪೆನ್‌ಡ್ರೈವಿನಲ್ಲೋ ಕೇಳಿ ಪಡೆಯಿರಿ. ಫಿಲ್ಮನ್ನು ಮಡಚದೆ, ಬಿಸಿಲಿಗೆ ಇಡದೆ, ತಾರೀಖು ಕಾಣುವಂತೆ ಕಾಪಾಡಿ. ಎದೆಯಲ್ಲಿ ಕಂಡ ಕಲೆ ವರ್ಷಗಳ ಹಿಂದಿನ ಫಿಲ್ಮ್‌ನಲ್ಲೂ ಹಾಗೇ ಇದ್ದರೆ, ಅದು ವಾಸಿಯಾದ ಹಳೆಯ ಗಾಯ ಎಂದು ಡಾಕ್ಟರು ತೀರ್ಮಾನಿಸಬಹುದು. ಆಗ ಸಾವಿರಾರು ರೂಪಾಯಿಯ ಸಿ.ಟಿ. ಸ್ಕ್ಯಾನ್ ಬೇಕಾಗದೇ ಹೋಗಬಹುದು.