ಮನೆ ದುರಸ್ತಿ, ಸೌರ ಛಾವಣಿ ಮತ್ತು ತೆರಿಗೆ: ವರ್ತಕರು ಗಮನಿಸಬೇಕಾದ ಅಂಶಗಳು

ಮಳೆಗಾಲ ಮುಗಿದೊಡನೆ ಕೂಳೂರು ಪರಿಸರದ ಹಳೆಯ ಹೆಂಚಿನ ಮನೆಗಳಲ್ಲಿ ದುರಸ್ತಿ ಕಾರ್ಯ ಆರಂಭವಾಗುತ್ತದೆ. ಒಡೆದ ಹೆಂಚು, ಗೆದ್ದಲು ಹಿಡಿದ ಪಕ್ಕಾಸು, ಸೋರುವ ತಾರಸಿಗೆ ಶೀಟಿನ ಹೊದಿಕೆ, ಇತ್ತೀಚೆಗೆ ಸೌರಫಲಕ. ಹೆದ್ದಾರಿಗೆ ಮುಖ ಮಾಡಿ ಅಂಗಡಿ, ಅದರ ಹಿಂದೆಯೇ ಮನೆ ಹೊಂದಿರುವ ವರ್ತಕರು ಈ ವೆಚ್ಚಕ್ಕೆ ತೆರಿಗೆ ರಿಯಾಯಿತಿ ಉಂಟೇ ಎಂದು ವಿಚಾರಿಸುವುದು ಸಹಜ. ಉಂಟು, ಆದರೆ ನಿರೀಕ್ಷಿಸಿದಷ್ಟಿಲ್ಲ.

1961ರ ಆದಾಯ ತೆರಿಗೆ ಅಧಿನಿಯಮದ 24(ಬಿ) ಕಲಮಿನನ್ವಯ ಸ್ವಂತ ವಾಸದ ಮನೆಯ ದುರಸ್ತಿಗಾಗಿ ಪಡೆದ ಸಾಲದ ಬಡ್ಡಿಗೆ ವಾರ್ಷಿಕ 30,000 ರೂ. ಮಿತಿಯಿದೆ. ಖರೀದಿ ಅಥವಾ ನಿರ್ಮಾಣ ಸಾಲದ ಬಡ್ಡಿಯ ಮಿತಿಯನ್ನು 2014ರಲ್ಲಿ 2 ಲಕ್ಷಕ್ಕೆ ಏರಿಸಿದಾಗಲೂ ದುರಸ್ತಿಯ ಮಿತಿ ಕದಲಲಿಲ್ಲ. 2026ರ ಏಪ್ರಿಲ್ 1 ಜಾರಿಯ ದಿನಾಂಕವಾಗಿರುವ 2025ರ ಹೊಸ ಅಧಿನಿಯಮದಲ್ಲಿ ಕಲಮುಗಳ ಸಂಖ್ಯೆ ಬದಲಾಗಿದೆ, ಮಿತಿ ಅದೇ. 6 ಲಕ್ಷ ರೂ. ಸಾಲಕ್ಕೆ ಶೇ. 9ರಂತೆ ಮೊದಲ ವರ್ಷದ ಬಡ್ಡಿ ಸುಮಾರು 54,000 ರೂ. ಎಂದಿಟ್ಟುಕೊಂಡರೂ ಕಡಿತಕ್ಕೆ ಅರ್ಹವಾಗುವುದು 30,000 ಮಾತ್ರ. ಶೇ. 20ರ ಸ್ತರದಲ್ಲಿರುವವರಿಗೆ ಸೆಸ್ ಸೇರಿ ಉಳಿತಾಯ 6,240 ರೂ. ಇದೂ ಹಳೆಯ ತೆರಿಗೆ ಪದ್ಧತಿಯನ್ನು ಆಯ್ದುಕೊಂಡವರಿಗಷ್ಟೇ. ಹೊಸ ಪದ್ಧತಿಯಲ್ಲಿ ವಾಸದ ಮನೆಯ ಬಡ್ಡಿಗೆ ಕಡಿತವೇ ಇಲ್ಲ. 80ಸಿ ಅಡಿಯ ಅಸಲು ಮರುಪಾವತಿಯ ಸೌಲಭ್ಯವೂ ದುರಸ್ತಿ ಸಾಲಕ್ಕೆ ಅನ್ವಯಿಸದು. ಬಾಡಿಗೆಗೆ ಕೊಟ್ಟ ಮನೆಯಾದರೆ, ವೆಚ್ಚ ಮಾಡಲಿ ಬಿಡಲಿ, ವಾರ್ಷಿಕ ಮೌಲ್ಯದ ಶೇ. 30 ಕಡಿತ ದೊರೆಯುತ್ತದೆ.

ವಾಸ್ತವವಾಗಿ ವರ್ತಕರಿಗೆ ಹೆಚ್ಚು ಉಪಯುಕ್ತವಾದುದು ಕಟ್ಟಡದ ಅಂಗಡಿಯ ಭಾಗ. ವ್ಯವಹಾರಕ್ಕೆ ಬಳಸುವ ಭಾಗದ ಚಾಲ್ತಿ ದುರಸ್ತಿಯ ವೆಚ್ಚವನ್ನು ವ್ಯವಹಾರದ ಆದಾಯದಿಂದಲೇ ಕಳೆಯಬಹುದು. ಒಡೆದ ಹೆಂಚು ಬದಲಿಸಿದರೆ ಅದು ದುರಸ್ತಿ. ಹೆಂಚು ತೆಗೆದು ಕಾಂಕ್ರೀಟ್ ತಾರಸಿ ಹಾಕಿದರೆ ಅದು ಬಂಡವಾಳ ವೆಚ್ಚ, ವರ್ಷಕ್ಕೆ ಶೇ. 10ರ ಸವಕಳಿಯಷ್ಟೇ ಲಭ್ಯ. ಬಾಡಿಗೆಯ ಮಳಿಗೆಯಲ್ಲಿರುವವರು ದುರಸ್ತಿಯ ಹೊಣೆ ತಮ್ಮದೆಂದು ಕರಾರಿನಲ್ಲಿ ಬರೆಸಿಕೊಳ್ಳುವುದು ಕ್ಷೇಮ. ಮನೆ ಮತ್ತು ಅಂಗಡಿಗೆ ಒಂದೇ ಬಿಲ್ ಮಾಡಿಸಿ ಪೂರ್ತಿ ಮೊತ್ತವನ್ನು ಅಂಗಡಿಯ ಲೆಕ್ಕಕ್ಕೆ ಬರೆಯುವ ರೂಢಿ ಅಪರೂಪವಲ್ಲ. ತಪಾಸಣೆಯಲ್ಲಿ ಮೊದಲು ಕಣ್ಣಿಗೆ ಬೀಳುವುದೂ ಅದೇ.

ಸೌರ ಘಟಕದ ಲೆಕ್ಕವೇ ಬೇರೆ. ವ್ಯವಹಾರದ ಆಸ್ತಿಯಾಗಿ ಅಳವಡಿಸಿದರೆ ಶೇ. 40ರ ಸವಕಳಿ ಸಿಗುತ್ತದೆ. 2017ರ ಮಾರ್ಚ್‌ವರೆಗೆ ಅದು ಶೇ. 80 ಇತ್ತು. ಖರೀದಿಸಿದ ವರ್ಷ 180 ದಿನಗಳಿಗಿಂತ ಕಡಿಮೆ ಬಳಕೆಯಾದರೆ ಅರ್ಧ ಮಾತ್ರ. ಇನ್‌ಪುಟ್ ಕ್ರೆಡಿಟ್ ಪಡೆದ ಜಿಎಸ್‌ಟಿ ಮೊತ್ತದ ಮೇಲೆ ಸವಕಳಿ ಕೇಳುವಂತಿಲ್ಲ. ಸೌರಫಲಕಗಳ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 12ರಿಂದ 5ಕ್ಕೆ ಇಳಿದಿದೆ.

ಮನೆಯ ಛಾವಣಿಗೆ ತೆರಿಗೆ ಕಡಿತವಿಲ್ಲ, ನೇರ ಸಹಾಯಧನವಿದೆ. 2024ರ ಫೆಬ್ರವರಿಯಲ್ಲಿ ಆರಂಭವಾದ ಪಿಎಂ ಸೂರ್ಯ ಘರ್ ಯೋಜನೆ ಮೊದಲ 2 ಕಿಲೋವಾಟ್‌ಗೆ ತಲಾ 30,000, ಮೂರನೆಯದಕ್ಕೆ 18,000, ಒಟ್ಟು ಗರಿಷ್ಠ 78,000 ರೂ. ನಿಗದಿಪಡಿಸಿತು. ಇದು ಗೃಹಬಳಕೆಯ ಸಂಪರ್ಕಕ್ಕೆ ಮೀಸಲು. ಸಹಾಯಧನ ಪಡೆದ ಮನೆಯ ಫಲಕವನ್ನು ಅಂಗಡಿಯ ಆಸ್ತಿಪಟ್ಟಿಗೆ ಸೇರಿಸಿ ಸವಕಳಿಯನ್ನೂ ಕೇಳುವುದು ಸಲ್ಲದು.

ಸಹಾಯಧನ ಸಿಗುತ್ತದೆಂಬ ಒಂದೇ ಕಾರಣಕ್ಕೆ ಮುಂದುವರಿಯುವುದೂ ಜಾಣತನವಲ್ಲ. 2023ರಲ್ಲಿ ಜಾರಿಗೊಂಡ ಗೃಹಜ್ಯೋತಿಯಡಿ ಮೆಸ್ಕಾಂನಿಂದ ಶೂನ್ಯ ಬಿಲ್ ಪಡೆಯುವ ಮನೆಗೆ ಸೌರಫಲಕದಿಂದ ಉಳಿಯುವುದು ಅತ್ಯಲ್ಪ. ಏಸಿ, ಗೀಸರ್‌ಗಳಿಂದಾಗಿ ತಿಂಗಳಿಗೆ 200 ಯೂನಿಟ್ ದಾಟಿ ಪೂರ್ತಿ ಬಿಲ್ ಕಟ್ಟುವ ಮನೆಗೆ ಮಾತ್ರ ಹೂಡಿಕೆ ಬೇಗ ಮರಳುತ್ತದೆ. ವರ್ಷದ ಹನ್ನೆರಡು ಬಿಲ್‌ಗಳನ್ನು ಮುಂದಿಟ್ಟುಕೊಂಡು ಲೆಕ್ಕ ಹಾಕಿದ ಬಳಿಕವೇ ಗುತ್ತಿಗೆದಾರರನ್ನು ಕರೆಯುವುದು ಒಳಿತು.

ತಾರಸಿ, ಹೆಚ್ಚುವರಿ ಕೋಣೆ ಮೊದಲಾದ ಶಾಶ್ವತ ಸುಧಾರಣೆಯ ವೆಚ್ಚವನ್ನು ಮುಂದೆ ಮನೆ ಮಾರುವಾಗ ಬಂಡವಾಳ ಲಾಭದಿಂದ ಕಳೆಯಲು ಅವಕಾಶವಿದೆ, ಸುಣ್ಣಬಣ್ಣಕ್ಕೆ ಇಲ್ಲ. ಆದ್ದರಿಂದ ಅಂಥ ಬಿಲ್‌ಗಳನ್ನು ಚೆಕ್ ಅಥವಾ ಬ್ಯಾಂಕ್ ಪಾವತಿಯ ದಾಖಲೆಯೊಡನೆ ಮನೆಯ ಕ್ರಯಪತ್ರದ ಜೊತೆಗೇ ಇಟ್ಟಿರಬೇಕು.